ಪಶ್ಚಾತ್ತಾಪ ಮತ್ತು ಕ್ಷಮೆ: ಕ್ರೈಸ್ತ ಧರ್ಮದ ನೋಟ



ಇಂದಿನ ಮಾತನ್ನು ನನ್ನದೇ ಒಂದು ಹಳೆಯ ತಪ್ಪಿನಿಂದ ಆರಂಭಿಸುತ್ತೇನೆ. ಆಗ ನಾನು ಎಂಟನೆಯ ತರಗತಿಯಲ್ಲಿದ್ದೆ. ನಮ್ಮ ಶಾಲೆಯ ಗ್ರಂಥಾಲಯ ಎಂದರೆ ಗಾಜಿನ ಬಾಗಿಲಿನ ಒಂದೇ ಒಂದು ಬೀರು. ಅದರ ಬೀಗದ ಕೈ ಇರುತ್ತಿದ್ದುದು ಶಾಲೆಯ ಜವಾನರ ಬಳಿ. ನಾವೆಲ್ಲ ಅವರನ್ನು 'ಅಣ್ಣಾ' ಎಂದೇ ಕರೆಯುತ್ತಿದ್ದೆವು. ಆ ಬೀರುವಿನಲ್ಲಿ ಚಿಟ್ಟೆಗಳ ಬಣ್ಣದ ಚಿತ್ರಗಳಿದ್ದ ಒಂದು ದಪ್ಪ ಪುಸ್ತಕವಿತ್ತು. ಒಂದು ಮಧ್ಯಾಹ್ನ ಯಾರೂ ಇಲ್ಲದ ಹೊತ್ತಿನಲ್ಲಿ, ಪೆನ್ಸಿಲ್ ಹೆರೆಯುವ ಬ್ಲೇಡಿನಿಂದ ಅದರ ಒಂದು ಹಾಳೆಯನ್ನು ಕತ್ತರಿಸಿ ಅಂಗಿಯೊಳಗೆ ಬಚ್ಚಿಟ್ಟುಕೊಂಡು ಮನೆಗೆ ಒಯ್ದೆ. ವರ್ಷದ ಕೊನೆಯಲ್ಲಿ ಪುಸ್ತಕಗಳ ಲೆಕ್ಕ ನೋಡುವಾಗ ಹಾಳೆ ಇಲ್ಲದಿರುವುದು ಗೊತ್ತಾಯಿತು. ಬೀಗದ ಕೈ ಯಾರ ಬಳಿ ಇತ್ತೋ ಅವರೇ ಹೊಣೆ ಎಂದು ತೀರ್ಮಾನವಾಯಿತು. ಪುಸ್ತಕದ ಬೆಲೆಯನ್ನು ಅಣ್ಣನ ಸಂಬಳದಲ್ಲಿ ಮೂರು ತಿಂಗಳು ಕಂತಿನಲ್ಲಿ ಹಿಡಿದರು. ನಾನು ಬಾಯಿ ಬಿಡಲಿಲ್ಲ.

ನನಗೆ ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಯಾರಿಗೂ ನನ್ನ ಮೇಲೆ ಅನುಮಾನವೂ ಬರಲಿಲ್ಲ. ಆದರೆ ಆ ಹಾಳೆಯನ್ನು ನಾನು ಮತ್ತೆ ಬಿಡಿಸಿ ನೋಡಲಾಗಲಿಲ್ಲ. ಅಣ್ಣ ಗಂಟೆ ಬಾರಿಸುವುದನ್ನು ಕೇಳಿದರೂ ಎದೆ ಧಸಕ್ಕೆನ್ನುತ್ತಿತ್ತು. ಹೊರಗಿನ ಶಿಕ್ಷೆಯಿಂದ ತಪ್ಪಿಸಿಕೊಂಡವನನ್ನೂ ಒಳಗೇ ಕುಳಿತು ಕುಟುಕುವ ಈ ಭಾವವನ್ನೇ ನಾವು ಅಪರಾಧ ಪ್ರಜ್ಞೆ ಎನ್ನುತ್ತೇವೆ. ನಿಮ್ಮಲ್ಲಿಯೂ ಅನೇಕರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಪ್ರಯೋಗಶಾಲೆಯಲ್ಲಿ ಬ್ಯೂರೆಟ್ ಒಡೆದು ಪಕ್ಕದವನ ಮೇಲೆ ಹಾಕಿದ್ದಿರಬಹುದು. ಅಪ್ಪನ ಜೇಬಿನಿಂದ ಹಣ ತೆಗೆದದ್ದಿರಬಹುದು. ಗೆಳತಿ ನಂಬಿ ಹೇಳಿದ ಗುಟ್ಟನ್ನು ಹತ್ತು ಜನರ ಮುಂದೆ ಆಡಿದ್ದಿರಬಹುದು.

ಎಲ್ಲ ಧರ್ಮಗಳೂ ಈ ಭಾವವನ್ನು ಕುರಿತು ಚಿಂತಿಸಿವೆ. ಕ್ರೈಸ್ತ ಧರ್ಮವಂತೂ ಇದನ್ನು ತನ್ನ ಬೋಧನೆಯ ನಡುಮಧ್ಯದಲ್ಲಿಯೇ ಇರಿಸಿಕೊಂಡಿದೆ. ತಪ್ಪು ಮಾಡಿದವನು ಏನು ಮಾಡಬೇಕು? ತಪ್ಪಿಗೆ ಗುರಿಯಾದವನು ಏನು ಮಾಡಬೇಕು? ಈ ಎರಡು ಪ್ರಶ್ನೆಗಳಿಗೆ ಆ ಧರ್ಮ ಕೊಡುವ ಉತ್ತರವನ್ನು ಇಂದು ನಾವು ನೋಡೋಣ.

ಪದಗಳಲ್ಲಿ ಅಡಗಿರುವ ಅರ್ಥ

ಮೊದಲು ಕೆಲವು ಪದಗಳನ್ನು ತಿಳಿದುಕೊಳ್ಳೋಣ. ಬೈಬಲ್ಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆ ಮೂಲತಃ ಗ್ರೀಕ್ ಭಾಷೆಯಲ್ಲಿದೆ. ಪಾಪ ಎಂಬುದಕ್ಕೆ ಅಲ್ಲಿ ಬಳಕೆಯಾಗಿರುವ ಮುಖ್ಯ ಪದ 'ಹಮಾರ್ತಿಯ'. ಬಿಟ್ಟ ಬಾಣ ಗುರಿ ತಪ್ಪುವುದು ಎಂಬುದು ಆ ಪದದ ಹಿಂದಿರುವ ಹಳೆಯ ಅರ್ಥ. ಪಶ್ಚಾತ್ತಾಪಕ್ಕೆ ಬಳಸಿರುವ ಪದ 'ಮೆತನೋಯ'. ಮನಸ್ಸು ಬದಲಾಗುವುದು ಎಂದು ಅದರ ಅರ್ಥ. ಇದಕ್ಕೂ ಹಳೆಯದಾದ ಹೀಬ್ರೂ ಗ್ರಂಥಗಳಲ್ಲಿ ಪ್ರವಾದಿಗಳು ಬಳಸಿದ ಪದಕ್ಕೆ ಹಿಂದಿರುಗಿ ಬರುವುದು ಎಂಬ ಅರ್ಥವಿದೆ. ಹೋಗಬಾರದ ದಾರಿಯಲ್ಲಿ ಹೋದವನು ಅಲ್ಲಿಯೇ ಕುಳಿತು ಅತ್ತರೆ ಸಾಲದು, ತಿರುಗಿ ನಡೆಯಬೇಕು.

ಇನ್ನೂ ಒಂದು ಸ್ವಾರಸ್ಯವಿದೆ. ಯೇಸು ಆಡುತ್ತಿದ್ದ ಭಾಷೆ ಅರಮಾಯಿಕ್. ಆ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದ. ಆದುದರಿಂದಲೇ ಯೇಸು ಕಲಿಸಿದ ಪ್ರಾರ್ಥನೆಯನ್ನು ಬರೆಯುವಾಗ ಮತ್ತಾಯನು ಸಾಲ ಎಂಬರ್ಥದ ಪದವನ್ನು ಬಳಸಿದರೆ, ಅದೇ ಸ್ಥಳದಲ್ಲಿ ಲೂಕನು ಪಾಪ ಎಂಬರ್ಥದ ಪದವನ್ನು ಬಳಸುತ್ತಾನೆ. ಋಣ ಎಂಬ ಮಾತಿನ ತೂಕ ಗೊತ್ತಿರುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬರಿಗೆ ಅನ್ಯಾಯ ಮಾಡಿದರೆ ನಾವು ಅವರಿಂದ ಏನನ್ನೋ ಕಿತ್ತುಕೊಂಡಿರುತ್ತೇವೆ. ಅದು ತೀರುವವರೆಗೆ ನಾವು ಸಾಲಗಾರರು. ನಾನು ಕತ್ತರಿಸಿದ್ದು ಒಂದು ಹಾಳೆ. ಕಿತ್ತುಕೊಂಡದ್ದು ಒಬ್ಬರ ಸಂಬಳ ಮತ್ತು ಹೆಸರು.

ತನ್ನ ತಪ್ಪು ತನಗೆ ಕಾಣುವುದು

ಮನುಷ್ಯನ ಕಣ್ಣಿಗೆ ತನ್ನ ತಪ್ಪು ಕಾಣುವುದು ಸುಲಭವಲ್ಲ. ಹಳೆಯ ಒಡಂಬಡಿಕೆಯಲ್ಲಿ ಬರುವ ದಾವೀದ ರಾಜನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ದಾವೀದನು ಪರಾಕ್ರಮಿ, ಭಕ್ತ, ಗಾಯಕ. ಆದರೂ ತನ್ನ ಸೈನಿಕನಾದ ಊರೀಯನ ಹೆಂಡತಿಯನ್ನು ಮೋಹಿಸಿದ. ವಿಷಯ ಬಯಲಾಗುವ ಭಯದಿಂದ ಊರೀಯನನ್ನು ಘೋರ ಯುದ್ಧ ನಡೆಯುತ್ತಿದ್ದ ಮುಂಚೂಣಿಯಲ್ಲಿ ನಿಲ್ಲಿಸಿ, ಅವನು ಸಾಯುವಂತೆ ಮಾಡಿದ. ಬಳಿಕ ಏನೂ ಆಗದವನಂತೆ ರಾಜ್ಯವಾಳುತ್ತಿದ್ದ.

ನಾತಾನನೆಂಬ ಪ್ರವಾದಿ ರಾಜನ ಬಳಿಗೆ ಬಂದು ಒಂದು ಕಥೆ ಹೇಳಿದ. ಒಂದು ಊರಿನಲ್ಲಿ ಒಬ್ಬ ಧನಿಕ, ಒಬ್ಬ ಬಡವ. ಧನಿಕನಿಗೆ ಕುರಿದನಗಳು ಲೆಕ್ಕವಿಲ್ಲದಷ್ಟು. ಬಡವನಿಗೆ ಇದ್ದದ್ದು ಒಂದೇ ಕುರಿಮರಿ. ಅದು ಅವನ ತಟ್ಟೆಯಲ್ಲೇ ತಿಂದು, ಅವನ ಮಗ್ಗುಲಲ್ಲೇ ಮಲಗಿ, ಮನೆಮಗಳಂತೆ ಬೆಳೆದಿತ್ತು. ಧನಿಕನ ಮನೆಗೆ ನೆಂಟನೊಬ್ಬ ಬಂದಾಗ ಅವನು ತನ್ನ ಮಂದೆಯನ್ನು ಮುಟ್ಟದೆ, ಬಡವನ ಆ ಒಂದು ಮರಿಯನ್ನು ಎಳೆತಂದು ಅಡಿಗೆ ಮಾಡಿಸಿದ. ಕಥೆ ಕೇಳಿದ ದಾವೀದ ಕೆಂಡವಾದ. ಅಂಥವನಿಗೆ ಮರಣವೇ ಸರಿ, ಒಂದು ಮರಿಗೆ ನಾಲ್ಕರಷ್ಟು ಕೊಡಿಸಬೇಕು ಎಂದು ತೀರ್ಪು ಕೊಟ್ಟ. ಆಗ ನಾತಾನ, ಆ ಧನಿಕ ಬೇರೆ ಯಾರೂ ಅಲ್ಲ, ನೀನೇ ಎಂದ. ದಾವೀದನ ಬಾಯಿ ಕಟ್ಟಿತು. ತಾನು ಪಾಪ ಮಾಡಿದೆನೆಂದು ಒಪ್ಪಿಕೊಂಡ.

ವಿದ್ಯಾರ್ಥಿಗಳೇ, ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಇನ್ನೊಬ್ಬರ ತಪ್ಪನ್ನು ಅಳೆಯುವಾಗ ನಮ್ಮ ತಕ್ಕಡಿ ಎಷ್ಟು ಚೊಕ್ಕವಾಗಿರುತ್ತದೆ! ಅದೇ ತಕ್ಕಡಿಯಲ್ಲಿ ನಮ್ಮ ತಪ್ಪನ್ನು ಇಟ್ಟ ಗಳಿಗೆಯಲ್ಲಿ ಪಶ್ಚಾತ್ತಾಪ ಹುಟ್ಟುತ್ತದೆ.

ಒಂದೇ ರಾತ್ರಿ, ಇಬ್ಬರು ಶಿಷ್ಯರು

ಪಶ್ಚಾತ್ತಾಪ ಹುಟ್ಟಿದ ಮಾತ್ರಕ್ಕೆ ಮನುಷ್ಯ ಉಳಿದುಕೊಳ್ಳುತ್ತಾನೆಯೇ? ಅದು ಅವನನ್ನು ಎತ್ತಲೂ ಬಹುದು, ಮುಳುಗಿಸಲೂ ಬಹುದು. ಯೇಸುವನ್ನು ಬಂಧಿಸಿದ ರಾತ್ರಿ ಆತನ ಇಬ್ಬರು ಶಿಷ್ಯರು ಆತನಿಗೆ ದ್ರೋಹ ಬಗೆದರು. ಯೂದ ಮೂವತ್ತು ಬೆಳ್ಳಿ ನಾಣ್ಯಗಳಿಗಾಗಿ ಗುರುವನ್ನು ಹಿಡಿದುಕೊಟ್ಟ. ಪೇತ್ರ ಪ್ರಧಾನ ಯಾಜಕನ ಅಂಗಳದಲ್ಲಿ ಇದ್ದಿಲ ಬೆಂಕಿಗೆ ಚಳಿ ಕಾಯಿಸಿಕೊಳ್ಳುತ್ತ, ಆ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಎಂದು ಮೂರು ಸಲ ಸುಳ್ಳು ಹೇಳಿದ. ಕೋಳಿ ಕೂಗಿತು. ಪೇತ್ರ ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ.

ಯೂದನಿಗೆ ಪಶ್ಚಾತ್ತಾಪವಾಗಲಿಲ್ಲ ಎಂದುಕೊಳ್ಳಬೇಡಿ. ಅವನಿಗೂ ಆಯಿತು. ಅವನು ಹಣವನ್ನು ಹಿಂದಕ್ಕೆ ಒಯ್ದ. ನಿರಪರಾಧಿಯನ್ನು ಹಿಡಿದುಕೊಟ್ಟೆನೆಂದು ಬಾಯಿಬಿಟ್ಟು ಹೇಳಿದ. ಹಣ ಕೊಟ್ಟಿದ್ದ ಯಾಜಕರು, ಅದು ನಿನ್ನ ಪಾಡು, ನಮಗೇನು ಎಂದು ಮುಖ ತಿರುಗಿಸಿದರು. ಯೂದ ನಾಣ್ಯಗಳನ್ನು ದೇವಾಲಯದಲ್ಲಿ ಎಸೆದು ಒಬ್ಬನೇ ಹೊರಟುಹೋಗಿ ಪ್ರಾಣ ಕಳೆದುಕೊಂಡ.

ಪೇತ್ರನೂ ಅಷ್ಟೇ ನೊಂದಿದ್ದ. ಆದರೆ ಅವನು ತನ್ನ ಗೆಳೆಯರ ನಡುವೆ ಉಳಿದ. ಯೇಸು ಪುನರುತ್ಥಾನ ಹೊಂದಿದ ಬಳಿಕ ನಡೆದ ಘಟನೆಯೊಂದನ್ನು ಯೋಹಾನನು ವರ್ಣಿಸುತ್ತಾನೆ. ತಿಬೇರಿಯ ಸರೋವರದಲ್ಲಿ ರಾತ್ರಿಯಿಡೀ ಬಲೆ ಬೀಸಿದ ಶಿಷ್ಯರು ಬೆಳಗ್ಗೆ ದಡಕ್ಕೆ ಬಂದಾಗ, ಯೇಸು ಇದ್ದಿಲ ಬೆಂಕಿಯ ಮೇಲೆ ಮೀನು ಇಟ್ಟುಕೊಂಡು ಊಟಕ್ಕೆ ಕಾಯುತ್ತಿದ್ದ. ಊಟವಾದ ಮೇಲೆ ಆತ ಪೇತ್ರನನ್ನು, ನಿನಗೆ ನನ್ನ ಮೇಲೆ ಪ್ರೀತಿ ಇದೆಯೇ ಎಂದು ಕೇಳಿದ. ಒಮ್ಮೆಯಲ್ಲ, ಮೂರು ಸಲ. ಮೂರನೆಯ ಸಲ ಪೇತ್ರನಿಗೆ ದುಃಖವಾಯಿತು. ಮೂರು ಸಲ ಅಲ್ಲಗಳೆದವನಿಗೆ ಮೂರು ಸಲ ಒಪ್ಪಿಕೊಳ್ಳುವ ಅವಕಾಶ ಸಿಕ್ಕಿತು. ಇದ್ದಿಲ ಬೆಂಕಿ ಎಂಬ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ: ಪೇತ್ರ ಸುಳ್ಳು ಹೇಳಿದ ಅಂಗಳದಲ್ಲಿ, ಮತ್ತು ಕ್ಷಮೆ ಪಡೆದ ಈ ದಡದಲ್ಲಿ. ಯೇಸು ಹಳೆಯದನ್ನು ಮರೆತಂತೆ ನಟಿಸಲಿಲ್ಲ. ಗಾಯವಿದ್ದ ಜಾಗವನ್ನೇ ಮುಟ್ಟಿ ವಾಸಿ ಮಾಡಿದ. ಅಷ್ಟೇ ಅಲ್ಲ, ತನ್ನ ಮಂದೆಯನ್ನು ಕಾಯುವ ಕೆಲಸವನ್ನೂ ಅವನಿಗೇ ಒಪ್ಪಿಸಿದ.

ಇಲ್ಲಿ ಒಂದು ಕ್ಷಣ ನಿಲ್ಲಿಸಿ ನಿಮಗೆ ನೇರವಾಗಿ ಒಂದು ಮಾತು ಹೇಳಬೇಕು. ತಪ್ಪು ಮಾಡಿದ ಭಾರವಾಗಲಿ, ಪರೀಕ್ಷೆಯಲ್ಲಿ ಸೋತ ಭಾರವಾಗಲಿ, ತಡೆಯಲಾರದಷ್ಟು ಆದಾಗ ಅದನ್ನು ಒಬ್ಬರೇ ಹೊತ್ತುಕೊಂಡು ಹೋಗಬೇಡಿ. ಮೊದಲು ಹೋದ ಕಡೆ ಬಾಗಿಲು ಮುಚ್ಚಿದ್ದರೆ ಇನ್ನೊಂದು ಬಾಗಿಲು ತಟ್ಟಿ. ತಾಯಿ, ತಂದೆ, ಅಜ್ಜಿ, ಮೇಷ್ಟರು, ಗೆಳೆಯ, ವೈದ್ಯರು, ಯಾರಾದರೂ ಸರಿ. ಮಾಡಿದ ತಪ್ಪು ಬೇರೆ, ಮಾಡಿದ ಮನುಷ್ಯ ಬೇರೆ. 'ನಾನು ಮಾಡಿದ್ದು ಕೆಟ್ಟದ್ದು' ಎಂಬುದು ಅಪರಾಧ ಪ್ರಜ್ಞೆ. ಅದು ನಮ್ಮನ್ನು ತಿದ್ದುತ್ತದೆ. 'ನಾನೇ ಕೆಟ್ಟವನು, ನನಗೆ ಉಳಿಗಾಲವಿಲ್ಲ' ಎಂಬುದು ಹತಾಶೆ. ಅದರ ಮಾತನ್ನು ನಂಬಬಾರದು.

ಕ್ಷಮೆ ಅಗ್ಗವಲ್ಲ

ಕ್ಷಮೆ ಕೇಳಿದರೆ ಎಲ್ಲ ಮುಗಿಯಿತೇ? ಇಲ್ಲ. ಯೆರಿಕೋ ಪಟ್ಟಣದ ಜಕ್ಕಾಯನ ಕಥೆ ನೋಡಿ. ಅವನು ಸುಂಕ ವಸೂಲಿಗಾರರ ಮುಖ್ಯಸ್ಥ. ರೋಮನ್ನರ ಪರವಾಗಿ ತನ್ನ ಜನರಿಂದಲೇ ಹಣ ಸುಲಿಯುವವನೆಂದು ಊರಿಗೆಲ್ಲ ಅವನ ಮೇಲೆ ಸಿಟ್ಟು. ಕುಳ್ಳನಾದ ಅವನು ಯೇಸುವನ್ನು ನೋಡಲು ಅತ್ತಿಯ ಜಾತಿಯ ಒಂದು ಮರ ಹತ್ತಿ ಕುಳಿತಿದ್ದ. ಯೇಸು ತಲೆಯೆತ್ತಿ ನೋಡಿ, ಇಂದು ನಿನ್ನ ಮನೆಯಲ್ಲಿ ಇಳಿದುಕೊಳ್ಳುತ್ತೇನೆ ಎಂದ. ಊರವರು ಗೊಣಗಿದರು. ಜಕ್ಕಾಯ ಎದ್ದು ನಿಂತು, ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದೂ, ಮೋಸ ಮಾಡಿ ಕಸಿದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದೂ ಸಾರಿದ.

ನಾಲ್ಕರಷ್ಟು ಎಂಬ ಲೆಕ್ಕ ಎಲ್ಲಿಂದ ಬಂತು? ಮೋಶೆಯ ಧರ್ಮಶಾಸ್ತ್ರದಲ್ಲಿ, ಕದ್ದ ಒಂದು ಕುರಿಯನ್ನು ಕೊಂದರೆ ಅಥವಾ ಮಾರಿದರೆ ನಾಲ್ಕು ಕುರಿ ಕೊಡಬೇಕೆಂಬ ನಿಯಮವಿತ್ತು. ದಾವೀದ ಕೊಟ್ಟ ತೀರ್ಪೂ ಅದೇ. ಜಕ್ಕಾಯ ಆ ತೀರ್ಪನ್ನು ತನಗೆ ತಾನೇ ವಿಧಿಸಿಕೊಂಡ. ಘಟನೆಗಳ ಕ್ರಮವನ್ನೂ ಗಮನಿಸಿ. ಅವನು ಸರಿಹೋದ ಮೇಲೆ ಯೇಸು ಅವನ ಮನೆಗೆ ಹೋದದ್ದಲ್ಲ. ಯೇಸು ಮನೆಗೆ ಬರುವೆನೆಂದ ಮೇಲೆ ಅವನು ಸರಿಹೋದ. ಮೊದಲು ಪ್ರೀತಿ, ಅದರಿಂದ ಬದಲಾವಣೆ. ಕೃಪೆ ಎಂದು ಕ್ರೈಸ್ತರು ಕರೆಯುವುದು ಇದನ್ನೇ. ಆದರೆ ಬದಲಾವಣೆಯೇ ಇಲ್ಲದೆ ಕೃಪೆಯನ್ನು ಮಾತ್ರ ಬಯಸುವವರನ್ನು ಜರ್ಮನಿಯ ಪಾದ್ರಿ ಡೀಟ್ರಿಕ್ ಬೋನ್‌ಹೋಫರ್ 1937ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಕಟುವಾಗಿ ಟೀಕಿಸಿದರು. ಅಂಥ ಕೃಪೆಯನ್ನು ಅಗ್ಗದ ಸರಕೆಂದು ಕರೆದರು. ಹಿಟ್ಲರನನ್ನು ವಿರೋಧಿಸಿದ್ದಕ್ಕಾಗಿ 1945ರ ಏಪ್ರಿಲ್‌ನಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು.

ಪಾಪನಿವೇದನೆಯ ಪದ್ಧತಿ

ಕ್ರೈಸ್ತ ಸಭೆ ಈ ಬೋಧನೆಯನ್ನು ಆಚರಣೆಗೆ ತಂದ ಬಗೆಯೂ ಸ್ವಾರಸ್ಯಕರವಾಗಿದೆ. ಮೊದಲ ಶತಮಾನಗಳಲ್ಲಿ ಕೊಲೆ, ವ್ಯಭಿಚಾರ, ಧರ್ಮತ್ಯಾಗದಂಥ ಘೋರ ಪಾಪ ಮಾಡಿದವರು ಎಲ್ಲರ ಎದುರಿಗೆ ದೀರ್ಘಕಾಲ ಪ್ರಾಯಶ್ಚಿತ್ತ ಮಾಡಬೇಕಾಗಿತ್ತು. ಅದೂ ಜೀವನದಲ್ಲಿ ಒಂದೇ ಬಾರಿ. ಸುಮಾರು ಆರನೆಯ ಶತಮಾನದಿಂದೀಚೆಗೆ ಐರ್ಲೆಂಡಿನ ಸನ್ಯಾಸಿಗಳು ಗುರುವಿನ ಬಳಿ ಏಕಾಂತದಲ್ಲಿ, ಬೇಕಾದಷ್ಟು ಸಲ ಪಾಪನಿವೇದನೆ ಮಾಡುವ ರೂಢಿಯನ್ನು ಹರಡಿದರು. 1215ರಲ್ಲಿ ರೋಮಿನಲ್ಲಿ ಸೇರಿದ ನಾಲ್ಕನೆಯ ಲ್ಯಾಟರನ್ ಮಹಾಸಭೆ, ಪ್ರತಿಯೊಬ್ಬ ವಿಶ್ವಾಸಿಯೂ ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು. ಅಲ್ಲಿ ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಕಥೋಲಿಕರಲ್ಲಿ ಈ ಸಂಸ್ಕಾರಕ್ಕೆ ಮೂರು ಅಂಗಗಳು: ಮನಸ್ಸಿನಲ್ಲಿ ಪಶ್ಚಾತ್ತಾಪ, ಬಾಯಿಯಲ್ಲಿ ನಿವೇದನೆ, ನಡತೆಯಲ್ಲಿ ಪ್ರಾಯಶ್ಚಿತ್ತ.

ಇದೇ ವಿಷಯದಲ್ಲಿ ಸಭೆ ಎಡವಿದ್ದೂ ಉಂಟು. ಪಾಪಕ್ಕೆ ಬರುವ ಶಿಕ್ಷೆಯನ್ನು ಮನ್ನಾ ಮಾಡುವ ಪತ್ರಗಳು ಹಣಕ್ಕೆ ಮಾರಾಟವಾಗತೊಡಗಿದವು. 1517ರಲ್ಲಿ ಮಾರ್ಟಿನ್ ಲೂಥರ್ ಇದನ್ನು ಪ್ರಶ್ನಿಸಿ 95 ವಾದಗಳನ್ನು ಮುಂದಿಟ್ಟರು. ಪಶ್ಚಾತ್ತಾಪ ಕೊಂಡುಕೊಳ್ಳುವ ವಸ್ತುವಲ್ಲ, ಅದು ಇಡೀ ಬದುಕಿನ ನಡೆ ಎಂಬುದು ಅವರ ಮೊದಲ ವಾದದ ತಿರುಳು. ಪ್ರಾಟೆಸ್ಟಂಟ್ ಸಭೆಗಳು ಹುಟ್ಟಿದ್ದು ಆ ಚರ್ಚೆಯಿಂದ. ಅವುಗಳಲ್ಲಿ ಹೆಚ್ಚಿನವು ಗುರುಗಳ ಬಳಿ ಏಕಾಂತ ನಿವೇದನೆಯನ್ನು ಕಡ್ಡಾಯ ಮಾಡಲಿಲ್ಲ. ವಿಶ್ವಾಸಿಗಳು ನೇರವಾಗಿ ದೇವರಲ್ಲಿ, ಇಲ್ಲವೇ ಆರಾಧನೆಯಲ್ಲಿ ಎಲ್ಲರೂ ಕೂಡಿ, ತಪ್ಪನ್ನು ಒಪ್ಪಿಕೊಳ್ಳುತ್ತಾರೆ.

ಸಂಸ್ಥೆಯೂ ಕ್ಷಮೆ ಕೇಳಬೇಕಾದ ಸಂದರ್ಭ ಬರುತ್ತದೆ. 2000ದ ಮಾರ್ಚ್ 12ರಂದು ಎರಡನೆಯ ಜಾನ್ ಪಾಲ್ ಪೋಪರು ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ, ಸಭೆಯ ಮಕ್ಕಳು ಶತಮಾನಗಳಿಂದ ಎಸಗಿದ ಅನ್ಯಾಯಗಳಿಗಾಗಿ ದೇವರ ಕ್ಷಮೆ ಯಾಚಿಸಿದರು. ಕೆನಡಾದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ ಇರಿಸಿದ್ದ ವಸತಿಶಾಲೆಗಳಲ್ಲಿ ನಡೆದ ಕ್ರೌರ್ಯಕ್ಕಾಗಿ ಪೋಪ್ ಫ್ರಾನ್ಸಿಸ್ 2022ರ ಜುಲೈನಲ್ಲಿ ಅಲ್ಲಿಗೇ ಹೋಗಿ ಆ ಜನರ ಕ್ಷಮೆ ಕೇಳಿದರು. ಆ ಮಾತು ಸಾಲದು, ಕೆಲಸವೂ ಆಗಬೇಕು ಎಂದು ಹೇಳಿದ ಮೂಲನಿವಾಸಿಗಳೂ ಇದ್ದರು. ಅವರ ಮಾತಿನಲ್ಲಿ ಜಕ್ಕಾಯನ ನೆನಪಾಗುತ್ತದೆ.

ಒಂದು ಲೆಕ್ಕ ಮಾಡೋಣ

ಇನ್ನು ಎರಡನೆಯ ಪ್ರಶ್ನೆ: ಅನ್ಯಾಯಕ್ಕೆ ಗುರಿಯಾದವನು ಏಕೆ ಕ್ಷಮಿಸಬೇಕು? ಪೇತ್ರನೇ ಒಮ್ಮೆ ಯೇಸುವನ್ನು, ಸೋದರ ತಪ್ಪು ಮಾಡಿದರೆ ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಎಂದು ಕೇಳಿದ್ದ. ಯೇಸು ಹೇಳಿದ ಸಂಖ್ಯೆಯನ್ನು ಕೆಲವರು ಎಪ್ಪತ್ತೇಳು ಎಂದೂ, ಕೆಲವರು ಏಳೆಪ್ಪತ್ತು, ಅಂದರೆ 490 ಎಂದೂ ಭಾಷಾಂತರಿಸುತ್ತಾರೆ. ಹೇಗಿದ್ದರೂ, ಲೆಕ್ಕ ಇಡಬೇಡ ಎಂಬುದೇ ತಾತ್ಪರ್ಯ. ಆ ಬಳಿಕ ಆತ ಒಂದು ಸಾಮತಿ ಹೇಳಿದ.

ಒಬ್ಬ ಸೇವಕ ತನ್ನ ರಾಜನಿಗೆ 10,000 ತಲಾಂತು ಸಾಲ ಕೊಡಬೇಕಾಗಿತ್ತು. ಕೈಮುಗಿದು ಬೇಡಿಕೊಂಡಾಗ ರಾಜ ಕನಿಕರಿಸಿ ಅಷ್ಟನ್ನೂ ಬಿಟ್ಟುಬಿಟ್ಟ. ಹೊರಗೆ ಬಂದ ಸೇವಕ, ತನಗೆ 100 ದೆನಾರಿಯಸ್ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿದು, ಅವನನ್ನು ಸೆರೆಮನೆಗೆ ಹಾಕಿಸಿದ. ಗಣಿತದ ವಿದ್ಯಾರ್ಥಿಗಳು ಈಗ ಪೆನ್ಸಿಲ್ ಹಿಡಿಯಿರಿ. ಒಂದು ದೆನಾರಿಯಸ್ ಒಬ್ಬ ಕೂಲಿಯ ಒಂದು ದಿನದ ಸಂಬಳ. ಒಂದು ತಲಾಂತು ಎಂದರೆ ಸುಮಾರು 6,000 ದೆನಾರಿಯಸ್. ಹಾಗಾದರೆ 10,000 ತಲಾಂತು ಆರು ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದು, ಒಂದು ಕಾಸೂ ಖರ್ಚು ಮಾಡದೆ ಉಳಿಸಿದರೂ ಆ ಸಾಲ ತೀರಲು ಎರಡು ಲಕ್ಷ ವರ್ಷ ಬೇಕು! ಜೊತೆಗಾರನ ಸಾಲವಾದರೋ 100 ದಿನಗಳ ಕೂಲಿ. ಅದರ ಆರು ಲಕ್ಷದಷ್ಟು ಇವನಿಗೆ ಮನ್ನಾ ಆಗಿತ್ತು.

ಯೇಸುವಿನ ಕಾಲದ ಕೇಳುಗರಿಗೆ ಈ ಲೆಕ್ಕ ಕೇಳಿಯೇ ನಗು ಬಂದಿರಬೇಕು. ಆದರೆ 100 ದಿನಗಳ ಕೂಲಿಯೂ ಬಡವನಿಗೆ ಸಣ್ಣ ಮೊತ್ತವಲ್ಲ. ನಮಗಾದ ಅನ್ಯಾಯ ಏನೂ ಅಲ್ಲವೆಂದು ಸಾಮತಿ ಹೇಳುವುದಿಲ್ಲ. ನಾವೂ ಎಷ್ಟೋ ಜನರ ತಾಳ್ಮೆಯಿಂದ, ಮರೆವಿನಿಂದ, ಔದಾರ್ಯದಿಂದ ಬದುಕಿದ್ದೇವೆ ಎಂಬುದನ್ನು ನೆನಪಿಸುತ್ತದೆ. ತಾನೂ ಕ್ಷಮೆ ಪಡೆದವನೆಂದು ತಿಳಿದವನಿಗೆ ಕ್ಷಮಿಸುವುದು ಸ್ವಲ್ಪ ಸುಲಭವಾಗುತ್ತದೆ.

ನಮ್ಮ ನಾಡಿನಲ್ಲೇ ನಡೆದದ್ದು

ಇವೆಲ್ಲ ಎರಡು ಸಾವಿರ ವರ್ಷಗಳ ಹಿಂದಿನ ಕಥೆಗಳಾಯಿತು, ಈಗ ಯಾರು ಹೀಗೆ ನಡೆದುಕೊಳ್ಳುತ್ತಾರೆ ಎಂದು ನೀವು ಕೇಳಬಹುದು. ನಮ್ಮ ದೇಶದಲ್ಲಿಯೇ ನಡೆದ ಒಂದು ಸಂಗತಿ ಹೇಳುತ್ತೇನೆ.

ಕೇರಳದ ಪುಲ್ಲುವಳಿ ಎಂಬ ಊರಿನಲ್ಲಿ ಹುಟ್ಟಿದ ಸಿಸ್ಟರ್ ರಾಣಿ ಮರಿಯ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ಉದಯನಗರದಲ್ಲಿ ಬಡ ಆದಿವಾಸಿ ರೈತರ ನಡುವೆ ಕೆಲಸ ಮಾಡುತ್ತಿದ್ದರು. ಲೇವಾದೇವಿಗಾರರ ಬಡ್ಡಿಯ ಕುಣಿಕೆಯಿಂದ ಜನರನ್ನು ಬಿಡಿಸಿ, ಬ್ಯಾಂಕಿನಿಂದಲೂ ಸರ್ಕಾರದಿಂದಲೂ ಅವರಿಗೆ ಸಲ್ಲಬೇಕಾದದ್ದನ್ನು ಕೊಡಿಸುವುದು ಅವರ ಕೆಲಸಗಳಲ್ಲಿ ಒಂದಾಗಿತ್ತು. ಇದರಿಂದ ನಷ್ಟವಾದವರು ಅವರ ಮೇಲೆ ಹಗೆ ಸಾಧಿಸಿದರು. 1995ರ ಫೆಬ್ರವರಿ 25ರಂದು ಅವರು ಬಸ್ಸಿನಲ್ಲಿ ಇಂದೋರಿಗೆ ಹೋಗುತ್ತಿದ್ದಾಗ, ಸಮುಂದರ್ ಸಿಂಗ್ ಎಂಬ ಯುವಕ ಪ್ರಯಾಣಿಕರ ಎದುರಿಗೇ ಅವರನ್ನು ಇರಿದು ಕೊಂದ. ಅವರಿಗಾಗ 41 ವರ್ಷ. ಕೊಂದವನಿಗೆ ಜೀವಾವಧಿ ಶಿಕ್ಷೆಯಾಯಿತು.

ರಾಣಿ ಮರಿಯರ ತಂಗಿ ಸೆಲ್ಮಿ ಪಾಲ್ ಕೂಡ ಸನ್ಯಾಸಿನಿ. ಅಕ್ಕನನ್ನು ಕಳೆದುಕೊಂಡು ಏಳು ವರ್ಷಗಳಾದ ಮೇಲೆ, 2002ರಲ್ಲಿ, ಆಕೆ ಇಂದೋರಿನ ಜೈಲಿಗೆ ಹೋದರು. ಅಕ್ಕನನ್ನು ಇರಿದ ಕೈಗೆ ರಾಖಿ ಕಟ್ಟಿದರು, ಅಣ್ಣನೆಂದು ಸ್ವೀಕರಿಸಿದರು. ಬಳಿಕ ಅವರ ವೃದ್ಧ ತಾಯಿಯೂ ಆತನನ್ನು ಕಂಡು ಕ್ಷಮಿಸಿದರು. ಮನೆಯವರ ಮನವಿಯೂ ಸೇರಿ, 2006ರಲ್ಲಿ ಆತನಿಗೆ ಅವಧಿಗೆ ಮುಂಚೆಯೇ ಬಿಡುಗಡೆಯಾಯಿತು. ತನ್ನನ್ನು ಈ ಕೃತ್ಯಕ್ಕೆ ಎಳೆದವರ ಮೇಲೆ ಸೇಡು ತೀರಿಸಿಕೊಳ್ಳಬೇಕೆಂದು ಜೈಲಿನಲ್ಲಿ ಕುದಿಯುತ್ತಿದ್ದೆನೆಂದೂ, ಕ್ಷಮೆ ಸಿಕ್ಕಿದ ಮೇಲೆ ಆ ಆಲೋಚನೆಯನ್ನು ಬಿಟ್ಟೆನೆಂದೂ ಆತನೇ ಮುಂದೆ ಹೇಳಿಕೊಂಡ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯರನ್ನು ಕಥೋಲಿಕ ಸಭೆ ಧನ್ಯರೆಂದು ಘೋಷಿಸಿತು.

ಒಂದು ಕ್ಷಮೆ ಎಷ್ಟು ದೂರ ಹೋಯಿತು ನೋಡಿ! ಅದು ಕೊಂದವನನ್ನು ಮಾತ್ರ ಉಳಿಸಲಿಲ್ಲ. ಮುಂದೆ ಆಗಬಹುದಾಗಿದ್ದ ಇನ್ನೊಂದು ಕೊಲೆಯನ್ನೂ ತಡೆಯಿತು.

ನ್ಯಾಯ ಎಲ್ಲಿ ಹೋಯಿತು?

ಹಾಗಾದರೆ ಕ್ಷಮೆ ಎಂದರೆ ಅಪರಾಧಿಯನ್ನು ಸುಮ್ಮನೆ ಬಿಟ್ಟುಬಿಡುವುದೇ? ಅಲ್ಲ. 1981ರ ಮೇ 13ರಂದು ಮೆಹ್ಮೆತ್ ಅಲಿ ಆಜಾ ಎಂಬ ತುರ್ಕಿಯ ಯುವಕ ಎರಡನೆಯ ಜಾನ್ ಪಾಲ್ ಪೋಪರ ಮೇಲೆ ಗುಂಡು ಹಾರಿಸಿದ. ನಾಲ್ಕೇ ದಿನಗಳಲ್ಲಿ, ಆಸ್ಪತ್ರೆಯ ಹಾಸಿಗೆಯಿಂದಲೇ, ಪೋಪರು ಅವನನ್ನು ಕ್ಷಮಿಸಿರುವುದಾಗಿ ತಿಳಿಸಿದರು. 1983ರ ಡಿಸೆಂಬರ್ 27ರಂದು ರೋಮಿನ ಜೈಲಿಗೆ ಹೋಗಿ ಅವನ ಪಕ್ಕದಲ್ಲಿ ಕುಳಿತು ಮಾತನಾಡಿದರು. ಆದರೂ ಅವನು 2000ದವರೆಗೆ ಇಟಲಿಯ ಜೈಲಿನಲ್ಲಿಯೇ ಇದ್ದ. ಆಮೇಲೆ ತುರ್ಕಿಯಲ್ಲಿ ಹಳೆಯ ಅಪರಾಧಗಳಿಗಾಗಿ ಶಿಕ್ಷೆ ಅನುಭವಿಸಿ 2010ರಲ್ಲಿ ಹೊರಬಂದ. ಶಿಕ್ಷೆ ಕಾನೂನಿನ ಕೆಲಸ. ಕ್ಷಮೆ ಮನಸ್ಸಿನ ಕೆಲಸ. ಒಂದು ಇನ್ನೊಂದನ್ನು ಅಳಿಸಿಹಾಕಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ನೊಂದವರಿಗೆ, ಕ್ಷಮಿಸಿಬಿಡು ಎಂದು ಬಲವಂತ ಮಾಡುವ ಹಕ್ಕು ಯಾರಿಗೂ ಇಲ್ಲ. ನಿಮ್ಮನ್ನು ಯಾರಾದರೂ ಪೀಡಿಸುತ್ತಿದ್ದರೆ, ಅದನ್ನು ಸಹಿಸಿಕೊಂಡು ಸುಮ್ಮನಿರುವುದು ಕ್ಷಮೆಯಲ್ಲ. ಅದನ್ನು ಹೇಳಬೇಕು, ನಿಲ್ಲಿಸಬೇಕು. ಸೆಲ್ಮಿ ಪಾಲ್ ಜೈಲಿಗೆ ಹೋಗುವ ಮುನ್ನ ಏಳು ವರ್ಷಗಳು ಕಳೆದಿದ್ದವು ಎಂಬುದನ್ನು ಮರೆಯಬೇಡಿ. ಕೊಡುವವರು ತಮ್ಮ ಮನಸ್ಸಿನಿಂದ, ತಮ್ಮ ಕಾಲದಲ್ಲಿ ಕೊಟ್ಟರೆ ಮಾತ್ರ ಅದು ಕ್ಷಮೆ.

ಮತ್ತೆ ಆ ಹಾಳೆಯ ವಿಷಯ

ಕೊನೆಯದಾಗಿ ನನ್ನ ಕಥೆಯನ್ನು ಮುಗಿಸಬೇಕು. ಕೆಲಸಕ್ಕೆ ಸೇರಿ ಮೊದಲ ಸಂಬಳ ಬಂದಾಗ ನಾನು ಊರಿಗೆ ಹೋದೆ. ಅಣ್ಣ ಆಗ ನಿವೃತ್ತರಾಗಿದ್ದರು. ಹಾಳೆಯನ್ನೂ, ಹಣವಿದ್ದ ಲಕೋಟೆಯನ್ನೂ ಅವರ ಮುಂದಿಟ್ಟು ನಡೆದದ್ದನ್ನು ಹೇಳಿದೆ. ಅವರು ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ ಲಕೋಟೆ ಬಿಚ್ಚಿ ನೋಟುಗಳನ್ನು ಎಣಿಸಿದರು. ತಮಗೆ ಬರಬೇಕಾಗಿದ್ದಷ್ಟನ್ನು ತೆಗೆದುಕೊಂಡು ಉಳಿದದ್ದನ್ನು ನನ್ನ ಕಡೆಗೆ ಸರಿಸಿದರು.

"ದುಡ್ಡು ಬಂತಪ್ಪಾ," ಎಂದರು. "ಆ ಮೂರು ತಿಂಗಳು ಮಗೂಗೆ ಹಾಲು ತರೋದಕ್ಕೂ ಕಷ್ಟ ಆಯ್ತು. ಅದೂ ಹೋಗಲಿ. ರಿಟೈರಾಗೋವರೆಗೂ ಬೀಗದ ಕೈ ನನಗೆ ಕೊಡಲಿಲ್ಲ ನೋಡು, ಅದಕ್ಕೇನು ಮಾಡ್ತೀಯ?"

ನನ್ನಲ್ಲಿ ಉತ್ತರವಿರಲಿಲ್ಲ. ಹಣ ತೀರಿಸಿದರೆ ಸಾಲ ತೀರಿತೆಂದು ನಾನು ಭಾವಿಸಿದ್ದೆ. ಅವರೇ ದಾರಿ ತೋರಿಸಿದರು. "ಇಲ್ಲಿ ಹೇಳಿದ್ದನ್ನ ಅಲ್ಲೂ ಹೇಳು," ಎಂದರು. ಆಮೇಲೆ ಒಳಗೆ ತಿರುಗಿ, "ಎರಡು ಲೋಟ ಕಾಫಿ ತಾರೇ," ಎಂದು ಕೂಗಿದರು.

ಆ ಸಂಜೆಯೇ ನಾನು ಶಾಲೆಯ ಮುಖ್ಯೋಪಾಧ್ಯಾಯರಿಗೆ ಎಲ್ಲವನ್ನೂ ಬರೆದು, ಕೆಳಗೆ ನನ್ನ ಹೆಸರು ಹಾಕಿ, ಪತ್ರ ಕೊಟ್ಟುಬಂದೆ. ಸಹಿ ಮಾಡುವಾಗ ಕೈ ನಡುಗಿತು. ಅದನ್ನು ಎಲ್ಲ ಉಪಾಧ್ಯಾಯರ ಎದುರಿಗೆ ಓದಿದರೆಂದು ಅಣ್ಣ ಮುಂದಿನ ಸಲ ಸಿಕ್ಕಾಗ ಹೇಳಿದರು. ಕ್ಷಮಿಸಿದೆ ಎಂಬ ಮಾತನ್ನು ಅವರು ಎಂದೂ ಆಡಲಿಲ್ಲ. ಆದರೆ ನನ್ನ ಮದುವೆಗೆ ಬಂದರು, ಊಟದ ಪಂಕ್ತಿಯಲ್ಲಿ ನಿಂತು ಬಡಿಸಿದರು.

ಮಿತ್ರರೇ, ಈ ಮಾತು ಓದಿ ಮುಗಿಸಿದ ಮೇಲೆ ನಿಮಗೂ ಯಾರದಾದರೂ ನೆನಪು ಬಂದಿದ್ದರೆ, ಪುಸ್ತಕ ಮಡಿಸಿಟ್ಟು ಸುಮ್ಮನಾಗಬೇಡಿ. ನೀವು ನೋಯಿಸಿದವರಾದರೆ ಹೋಗಿ ಹೇಳಿ. ಹಿಂದಿರುಗಿಸಬೇಕಾದದ್ದು ಹಣವೋ, ಹೆಸರೋ, ಸತ್ಯವೋ ಎಂದು ಅವರನ್ನೇ ಕೇಳಿ. ನಿಮ್ಮನ್ನು ನೋಯಿಸಿದವರು ಬಾಗಿಲಿಗೆ ಬಂದು ನಿಂತಿದ್ದರೆ, ಅವರ ಮಾತನ್ನು ಪೂರ್ತಿ ಕೇಳಿ. ಉಳಿದದ್ದಕ್ಕೆ ಕಾಲ ಬೇಕಾಗಬಹುದು. ಬೇಕಾದಷ್ಟು ತೆಗೆದುಕೊಳ್ಳಿ.